ಗದ್ದಿಗೆ ಕಂಬಳಿ

"ಏಯ್! ಯಾವನ್ಲಾ ಅವ್ನು? ನಮ್ ಬಾವಿಗೆ ಏನ್ಲಾ ಆಕ್ತಾ ಇದ್ದೀಯ?"

ಕುರಿಮರಿಯನ್ನು ಕಂಕುಳಲ್ಲಿ ಅವುಚಿಕೊಂಡು ಓಡಿ ಬಂದ ಪೂಂಗೊಡಿ, ಊರಾಚೆಯ ಬಾವಿಕಟ್ಟೆಯ ಮೇಲೆ ನಿಂತವನ ಕೈಯಿಂದ ಬಕೆಟ್ಟನ್ನು ಕಿತ್ತೇಬಿಟ್ಟಳು. ಬಿಳಿ ಪುಡಿ ಅವನ ಖಾಕಿ ಷರ್ಟಿನ ಮೇಲೆಲ್ಲ ಚೆಲ್ಲಿತು. ಅಬ್ಬಾ, ಮೂಗು ಸುಡುವ ವಾಸನೆ!

"ಬ್ಲೀಚಿಂಗ್ ಪೌಡರ್ ಕಣಮ್ಮಾ! ಕಾಲರಾ ಬರ್ದೇ ಇರ್ಲಿ ಅಂತ. ವಿಷ ಅಲ್ಲ!"

"ಈ ನೀರ್ನ ನಮ್ ಕುರಿ ಮೂಸಿ ಕೂಡ ನೋಡಲ್ಲ. ಕುರಿ ಕುಡೀದಿರೋ ನೀರ್ನ ಮನುಷ್ರು ಕುಡೀತಾರಾ?"

ಅವನು ವಾದಕ್ಕಿಳಿಯಲಿಲ್ಲ. ಆಗಲೇ ಮದ್ದು ಬೆರೆಸಿಟ್ಟಿದ್ದ ಡ್ರಮ್ಮಿನಿಂದ ಒಂದು ಲೋಟ ನೀರು ಮೊಗೆದು ಗಟಗಟ ಕುಡಿದ.

"ನೋಡ್ತಾ ಇರು. ಸಾಯಂಕಾಲಕ್ಕೆ ನಾನು ಬದುಕಿದ್ರೆ ನೀನೂ ಕುಡಿ. ಸರಿಯಾ?"

ಪೂಂಗೊಡಿ ಸಾಯಂಕಾಲದವರೆಗೂ ಅವನನ್ನೇ ನೋಡಿದಳು. ನೀರಿನ ಚಿಂತೆಗಾಗಿ ಅಂತ ತನಗೆ ತಾನೇ ಹೇಳಿಕೊಂಡಳು... ನಾವೂ ಸದ್ಯಕ್ಕೆ ಹಾಗೇ ನಂಬೋಣ!

ತಮಿಳುನಾಡಿನ ಓಮಲೂರಿನಿಂದ ಧರ್ಮಪುರಿಗೆ ಹೋಗುವ ರಸ್ತೆಯ ಪಕ್ಕದ ಊರು ಅದು. ಎಪ್ಪತ್ತರ ಆಸುಪಾಸಿನ ಆ ಬೇಸಿಗೆಯಲ್ಲಿ ವಾಂತಿಭೇದಿ ಊರೂರು ಸುತ್ತುತ್ತಿತ್ತು. ಊರಬಾಗಿಲಿಗೆ ಬೇವಿನ ತೋರಣ ಕಟ್ಟಿ, ಹೊರಗಿನಿಂದ ಬಂದ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಕುರಿ ಮೇಯಿಸಿಕೊಂಡು ತಿರುಗಿ ಬಂದ ಪೂಂಗೊಡಿಯ ಮನೆಯವರಿಗೆ ಸ್ವಂತ ಊರೇ ಬಾಗಿಲು ಹಾಕಿತು.

ಅಪ್ಪ ತಿಮ್ಮರಾಯಪ್ಪ ಮಂದೆಯನ್ನು ಬೆಟ್ಟದ ಕಡೆ ಹೊಡೆದುಕೊಂಡು ಹೋದ. ಪೂಂಗೊಡಿಯೂ ಅಜ್ಜಿ ದೊಡ್ಡಕ್ಕನೂ ಎಳೆಮರಿಗಳ ಜೊತೆ ಊರಾಚೆಯ ಹುಣಸೆಮರದ ಕೆಳಗೆ ಉಳಿದರು. ಚಾಪೆಯ ಕಮಾನು ಕಟ್ಟಿದ ಎತ್ತಿನಗಾಡಿಯೇ ಅವರಿಗೆ ಮನೆ.

ಬಾವಿಗೆ ಪುಡಿ ಹಾಕಿದ ಚಿನ್ನರಾಜ್‌ನದೂ ಅದೇ ಪಾಡು. ಅವನು ರೋಗದ ಊರುಗಳಿಗೆ ಔಷಧಿ ಸಾಗಿಸುವ ಆರೋಗ್ಯ ಇಲಾಖೆಯ ವ್ಯಾನಿನ ಡ್ರೈವರ್. ರೋಗಿಗಳ ಮನೆಗೆ ಹೋಗಿ ಬರುವವನಿಗೆ ಜಗುಲಿ ಕೊಡುವವರು ಯಾರು? ಅದೇ ಹುಣಸೆಮರದ ಇನ್ನೊಂದು ಪಕ್ಕದಲ್ಲಿ ವ್ಯಾನು ನಿಲ್ಲಿಸಿ ಅದರಲ್ಲೇ ಬಿಡಾರ ಹೂಡಿದ್ದ.

"ಯಾವೂರಪ್ಪಾ? ಯಾವ ಬೆಡಗು?" ದೊಡ್ಡಕ್ಕ ಮೊದಲ ದಿನವೇ ಕುಲ ವಿಚಾರಿಸಿದಳು.

ಮೇಟ್ಟೂರು ಕಡೆಯ ಕುರುಬರ ಹುಡುಗ ಅಂತ ಗೊತ್ತಾದದ್ದೇ ತಡ, "ನಮ್ಗೆ ಸಂಬಂಧ ಆಗೋ ಬೆಡಗೇ!" ಅಂತ ಮುದುಕಿ ಜೋರಾಗಿ ನಕ್ಕಳು. ಪೂಂಗೊಡಿಗೆ ಒಮ್ಮೆಲೇ ಒಲೆಯ ಹತ್ತಿರ ತುಂಬಾ ಕೆಲಸ ಬಂತು.

ಆ ಎತ್ತಿನಗಾಡಿಯಲ್ಲಿದ್ದ ಬೆಲೆಬಾಳುವ ವಸ್ತು ಒಂದೇ, ಅಜ್ಜಿಯ ಕರಿ ಕಂಬಳಿ. ಅವರ ಜನರಲ್ಲಿ ಕಂಬಳಿಯ ಗದ್ದಿಗೆ ಹಾಸದೆ ಮದುವೆ ನಡೆಯುವುದಿಲ್ಲ. ತೀರಿಹೋದ ಅವ್ವ ಮದುಮಗಳಾಗಿ ಕೂತಿದ್ದು ಅದೇ ಕಂಬಳಿಯ ಮೇಲೆ. ಅವ್ವನ ಗುರುತು ಅಂತ ಪೂಂಗೊಡಿಗೆ ಉಳಿದಿದ್ದೂ ಅದೊಂದೇ.

"ಇದ್ರ ಮ್ಯಾಲೆ ನಿನ್ನ ಕೂರ್ಸೇ ನಾನು ಕಣ್ಣು ಮುಚ್ಚೋದು," ಅನ್ನುತ್ತಿದ್ದಳು ಅಜ್ಜಿ.

ಆದರೆ ಒಂದು ಬೆಳಗ್ಗೆ ಅಜ್ಜಿಗೇ ರೋಗ ತಗುಲಿತು!

ಮಧ್ಯಾಹ್ನದೊಳಗೆ ಮುದುಕಿಯ ಕಣ್ಣುಗಳು ಗುಳಿಬಿದ್ದವು. ಊರಿನಿಂದ ಯಾರೂ ಹತ್ತಿರ ಸುಳಿಯಲಿಲ್ಲ. ಚಿನ್ನರಾಜ್ ಮಾತ್ರ ಹಿಂದೆಮುಂದೆ ನೋಡದೆ ಅವಳನ್ನು ಕಂಬಳಿಯ ಸಮೇತ ಎತ್ತಿ ವ್ಯಾನಿನಲ್ಲಿ ಮಲಗಿಸಿದ. ಧರ್ಮಪುರಿ ಆಸ್ಪತ್ರೆ ಸೇರುವವರೆಗೂ ಅವನ ಕಾಲು ಬ್ರೇಕು ಮುಟ್ಟಲಿಲ್ಲ.

ಸಲೈನ್ ಏರಿತು. ಅಜ್ಜಿ ಉಳಿದಳು.

ಅಜ್ಜಿಯ ಕೈ ಹಿಡಿದು ಹುಣಸೆಮರದಡಿಗೆ ಮರಳಿದ ಪೂಂಗೊಡಿಗೆ ಮೊದಲು ಕಂಡಿದ್ದು ಒಂದು ಬೂದಿಗುಡ್ಡೆ. ಸುಟ್ಟ ಉಣ್ಣೆಯ ನಾತ ಇನ್ನೂ ಹೋಗಿರಲಿಲ್ಲ.

"ಕಂಬಳಿ ಎಲ್ಲಿ?"

"ಸುಟ್ಟೆ," ಅಂದ ಚಿನ್ನರಾಜ್.

"ನಮ್ಮೋನಾಗಿದ್ದೂ ಗದ್ದಿಗೆ ಕಂಬಳಿ ಸುಟ್ಯಾ? ಅದು ನಮ್ಮವ್ವ ಕೂತಿದ್ದು... ನಾನು ಕೂರ್ಬೇಕಾಗಿದ್ದು!"

"ನಂಗೊತ್ತು."

ಅಷ್ಟೇ! ಒಂದು ಕಾರಣವಿಲ್ಲ, ಒಂದು 'ತಪ್ಪಾಯ್ತು' ಇಲ್ಲ. ಇವನನ್ನೇ ಅಲ್ಲವೇ ತಾನು ದಿನವೂ ಕದ್ದು ಕದ್ದು ನೋಡಿದ್ದು? ಪೂಂಗೊಡಿ ಮುಖ ತಿರುಗಿಸಿದಳು.

ದೇವರ ಆಟ ನೋಡಿ, ಆ ವಾರವೇ ಮಳೆ ಹಿಡಿಯಿತು. ಗಾಡಿಯ ಚಾಪೆ ಸೋರತೊಡಗಿತು. ಚಿನ್ನರಾಜ್ ವ್ಯಾನಿನಿಂದ ತನ್ನ ಹಾಸಿಗೆ ತೆಗೆದು ಗಾಡಿಗೆ ಎಸೆದ. "ಅಜ್ಜೀನ ವ್ಯಾನೊಳಗೆ ಮಲಗ್ಸು," ಅಂದ, ಅಷ್ಟೇ.

ಹೀಗೆ, ಯಾರ ಮುಖ ನೋಡುವುದಿಲ್ಲವೆಂದು ಶಪಥ ಮಾಡಿದ್ದಳೋ ಅವನ ವ್ಯಾನಿನಲ್ಲೇ ಪೂಂಗೊಡಿಯ ಸಂಸಾರ ಶುರುವಾಯಿತು. ಸೀಟು ಅಜ್ಜಿಗೆ ಮಂಚವಾಯಿತು. ಹಿಂದಿನ ಬಾಗಿಲಲ್ಲಿ ಒಲೆ, ಬಂಪರಿಗೆ ಕಟ್ಟಿದ ಮರಿ. ಅಡುಗೆ ಮೂವರಿಗೂ ಒಂದೇ, ಆದರೆ ಮಾತೆಲ್ಲ ಮರಿಯ ಮೂಲಕ.

"ಏ ಮರೀ, ಮುದ್ದೆ ಆಯ್ತು ಅಂತ ಏಳು ಅವರ್ಗೆ."

"ಮರೀ, ಸಾರಿಗೆ ಉಪ್ಪು ಕಮ್ಮಿ ಅಂತ ಏಳು ಅವ್ರಿಗೆ."

"ಮರೀ, ಬ್ಯಾಡ್ದಿದ್ರೆ ಬಿಡಕ್ಕೇಳು!"

ಊಟ ಮುಗಿಸಿ ಅವನು ಗಾಡಿಯ ಕೆಳಗೆ ಬೆನ್ನು ತಿರುಗಿಸಿ ಕೂತು ಏನೋ ಮಾಡುತ್ತಿದ್ದ. ಏನೆಂದು ನೋಡಲು ಅವಳ ಬಿಂಕ ಬಿಡಲಿಲ್ಲ.

ರೋಗ ಇಳಿಯಿತು. ಊರಬಾಗಿಲ ತೋರಣ ಬಿಚ್ಚಿದರು. ವ್ಯಾನನ್ನು ಸೇಲಂಗೆ ವಾಪಸು ತರಬೇಕೆಂದು ಅಪ್ಪಣೆ ಬಂತು. ಆ ಬೆಳಗ್ಗೆ ಪೂಂಗೊಡಿ ಪಾತ್ರೆಗಳನ್ನೆಲ್ಲ ಗಾಡಿಗೆ ಸಾಗಿಸಿದಳು. ಕಣ್ಣು ಯಾಕೆ ತುಂಬುತ್ತಿದೆ? ಹೋಗಲಿ ಬಿಡು, ಕಂಬಳಿ ಸುಟ್ಟವನು ತಾನೇ...

"ಸುಡು ಅಂದಿದ್ದು ನಾನು ಕಣೇ," ಅಂದಳು ದೊಡ್ಡಕ್ಕ ಇದ್ದಕ್ಕಿದ್ದಂತೆ.

ಪೂಂಗೊಡಿ ಕೈಯಲ್ಲಿದ್ದ ತಪ್ಪಲೆಯನ್ನು ಕೆಳಗಿಟ್ಟು ಅಜ್ಜಿಯ ಕಡೆ ತಿರುಗಿದಳು.

"ಆಸ್ಪತ್ರೇಲಿ ನೀನು ನೀರು ತರಾಕೋಗಿದ್ದೆ. ಕಂಬಳಿಯೆಲ್ಲಾ ಒಲಸಾಗಿತ್ತು. ಅವ್ವಂದು ಅಂತ ನೀನು ಅದನ್ನ ತೊಳ್ಯಕ್ಕೆ ಕೂರ್ತೀಯ, ನಿಂಗೂ ರೋಗ ಬತ್ತದೆ ಅಂತ ಭಯ ಆಯ್ತು. ಸುಟ್ಬುಡಪ್ಪಾ ಅಂತ ಕೈ ಮುಗ್ದೆ."

"ಮತ್ತೆ ನಂಗ್ಯಾಕೆ ಏಳ್ಲಿಲ್ಲ?"

"ಅವ್ನೇ ಬ್ಯಾಡ ಅಂತ ಆಣೆ ಆಕ್ಸ್ದ. 'ಅಜ್ಜೀ, ನೀನು ಉಳೀತೀಯೋ ಇಲ್ವೋ. ಓಗ್ಬುಟ್ಟೋರ ಮ್ಯಾಲೆ ಕೋಪ ಇದ್ರೆ ಆ ಉಡ್ಗಿ ಎಲ್ಲಿ ತೀರ್ಸ್ಕಂತದೆ? ನನ್ ಮ್ಯಾಲಾದ್ರೆ ಬೈದು ಮುಗಿಸ್ತದೆ' ಅಂದ. ನೀನು ಮುಗಿಸ್ಲೇ ಇಲ್ವಲ್ಲೇ! ಅದ್ಕೇ ಇವತ್ತು ಆಣೆ ಮುರ್ದೆ."

ಅಷ್ಟರಲ್ಲಿ ವ್ಯಾನು ಗುರುಗುಟ್ಟಿತು.

ಪೂಂಗೊಡಿ ಓಡಿದಳು. ರಸ್ತೆಗೆ ತಿರುಗುತ್ತಿದ್ದ ವ್ಯಾನಿನ ಎದುರಿಗೇ ಹೋಗಿ ನಿಂತಳು.

"ಇಳೀರಿ ಕೆಳಗೆ!"

ಚಿನ್ನರಾಜ್ ಗಾಬರಿಯಿಂದ ಇಳಿದ. ಆಮೇಲೆ ಮೆಲ್ಲಗೆ ನಕ್ಕ. "ಮರಿ ಎಲ್ಲಿ?"

"ಇದು ಮರಿ ಕೈಲಿ ಏಳ್ಸೋ ಮಾತಲ್ಲ!"

ಅವಳು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಳು. ಅಜ್ಜಿಯನ್ನು ಹೊತ್ತು ಓಡಿದ ವ್ಯಾನು, ಮಳೆಯಲ್ಲಿ ಮನೆಯಾದ ವ್ಯಾನು.

"ಅಜ್ಜೀನ ಉಳ್ಸಿಕೊಟ್ರಿ... ನೀವು ನೆನ್ಕಂಡು ನಮ್ಗೆ ಸೂರು ಕೊಟ್ರಿ... ನಾನು ಬೈದಾಗ್ಲೂ ಸುಮ್ನಿದ್ರಿ. ನಿಮ್ಗೆ ಒಂದ್ ಒಳ್ಳೆ ಮಾತೂ ಆಡ್ಲಿಲ್ಲ ನಾನು..." ಅಳು ಉಕ್ಕಿ ಬಂತು. "ನಿಮ್ ಋಣ ಎಂಗೆ ತೀರ್ಸ್ಲಿ?"

ಅವನು ಸೀಟಿನ ಕೆಳಗಿನಿಂದ ಒಂದು ಗೋಣಿಚೀಲ ಎಳೆದು ಬಿಚ್ಚಿದ. ಒಳಗೆ ಕರಿ ಉಣ್ಣೆಯ ನೂಲಿನ ಉಂಡೆಗಳು!

"ಉಣ್ಣೆ ನಿಮ್ಮಜ್ಜಿ ಕೊಟ್ಟಿದ್ದು. ಗಾಡಿ ಕೆಳಗೆ ಕೂತ್ಕಂಡು ನೂಲೋದು ಕಲ್ತೆ. ನಮ್ಮೂರಲ್ಲಿ ಕಂಬಳಿ ನೇಯೋರು ಅವ್ರೆ. ನಿಮ್ಮವ್ವ ಕೂತಿದ್ ಕಂಬಳಿ ತಿರ್ಗಾ ತರಾಕೆ ನನ್ ಕೈಲಾಗಲ್ಲ ಪೂಂಗೊಡಿ. ಒಸಾದು ನೇಯ್ಸ್ಕೊಂಡು ಬತ್ತೀನಿ." ಅವನ ದನಿ ತಗ್ಗಿತು. "ಗದ್ದಿಗೆ ಮ್ಯಾಲೆ ನಿನ್ ಪಕ್ದಲ್ಲಿ ಯಾರು ಕೂರ್ಬೇಕು ಅನ್ನೋದು... ನೀನೇ ಏಳು."

ಅವಳು ಒಂದು ಉಂಡೆಯನ್ನು ಕೈಗೆತ್ತಿಕೊಂಡಳು. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ನಡುನಡುವೆ ಗಂಟು. ಹುಟ್ಟಿದಾಗಿನಿಂದ ನೂಲು ನೋಡಿದವಳು ಇಂಥದ್ದನ್ನು ಕಂಡಿರಲಿಲ್ಲ. ಅದನ್ನು ಕೆನ್ನೆಗೆ ಒತ್ತಿಕೊಂಡಳು.

"ಹಗ್ಗ ಇದ್ದಂಗೈತೆ! ಇದ್ರ ಮ್ಯಾಲೆ ಕೂತ್ರೆ ಚುಚ್ತದೆ."

"ಚುಚ್ಚಿದ್ರೆ?"

ಪೂಂಗೊಡಿ ಕಣ್ಣೊರೆಸಿಕೊಂಡು ನಕ್ಕಳು.

"ಚುಚ್ಲಿ ಬಿಡಿ. ನಿಮ್ಗೂ ಚುಚ್ತದಲ್ಲಾ."