ಸಾಲು ಹಿಡಿದ ಡಾಕ್ಟರ್

ಶ್ರಾವಣ, ಹೆಸರುಕಾಯಿ ಬಿಡಿಸುವ ದಿನಗಳು. ಶನಿವಾರದ ಮಧ್ಯಾಹ್ನ, ಮೊರಬದ ಶಾಲೆ ಆಗಷ್ಟೇ ಬಿಟ್ಟಿತ್ತು.

"ಸಭಿ ಮುಗೀತ್ರಿ ಮೇಡಂ. ಎಲ್ಲಾರೂ ಹೂಂ ಅಂದಾರ," ಎಂದರು ಕಟ್ಟೆಯ ಮೇಲಿದ್ದ ಹಿರಿಯ ಬಸವಣ್ಣೆಪ್ಪ, ಡಾಕ್ಟರ್ ರಾಜೇಶ್ವರಿಗೆ.

"ನಮ್ಮ ಓಣಿಯವರು ಅಂದಿಲ್ರಿ ಮುತ್ಯಾ." ಐದನೇ ಕ್ಲಾಸಿನ ನೇತ್ರಾ ಬ್ಯಾಗ್ ಹೊತ್ತುಕೊಂಡೇ ನಿಂತಿದ್ದಳು.

"ಕರದಿದ್ವಿ. ಬರಲಿಲ್ಲ."

"ಹೊಲದಾಗ ಅದಾರ್ರಿ! ಈ ಹೊತ್ತಿನ್ಯಾಗ ಹೆಂಗ ಬರತಾರ?"

ಡಾಕ್ಟರ್ ರಾಜೇಶ್ವರಿ ತಿರುಗಿ ನೋಡಿದರು. ಹಾವು ಕಡಿದವರಿಗೆ ಆಂಬುಲೆನ್ಸ್‌ನಲ್ಲೇ ಏನು ಮಾಡಿದರೆ ಒಳ್ಳೆಯದು ಎಂದು ತಿಳಿಯುವ ಅಧ್ಯಯನ ಅವರದು. ಕಡಿದ ಮೇಲೆ ಒಪ್ಪಿಗೆ ಕೇಳುತ್ತ ಕೂರಲು ಹೊತ್ತಿರುವುದಿಲ್ಲ. ಅದಕ್ಕೇ ಮೊದಲೇ ಊರೂರಿಗೆ ಹೋಗಿ ಅಧ್ಯಯನಕ್ಕೆ ಸೇರುತ್ತೀರಾ ಎಂದು ಕೇಳುತ್ತಿದ್ದರು.

ಹೋದ ವರ್ಷ ನೇತ್ರಾಳ ಅಜ್ಜಿ ಸಣ್ಣವ್ವನಿಗೆ ಹಾವು ಕಡಿದಿತ್ತು. ಆಂಬುಲೆನ್ಸ್‌ನಲ್ಲಿ ಅಜ್ಜಿಯ ಕೈ ಹಿಡಿದು ಕುಳಿತವಳು ನೇತ್ರಾಳೇ. ಅಜ್ಜಿ ಉಳಿದಳು. ಕಾಲು ಮಾತ್ರ ಸಂಜೆಗೆ ಇನ್ನೂ ಬಾತುಕೊಳ್ಳುತ್ತದೆ.

"ಹಾವು ಕಡಿಯೂದು ಹೊಲದಾಗ ಇದ್ದವರಿಗೆ. ನೀವು ಕಟ್ಟಿ ಮ್ಯಾಲೆ ಕುಂತವರನ್ನ ಕೇಳಿ ಹೊಂಟೀರಿ," ಎಂದಳು ನೇತ್ರಾ.

"ಏ ಹುಡುಗಿ, ಬಾಯಿ ಭಾಳ ಆತು ನಿಂದು! ಮೇಡಂಗ ಮೂರರ ಬಸ್ ಐತಿ."

"ಹೊಲ ಎಷ್ಟು ದೂರ?" ಡಾಕ್ಟರ್ ಕೇಳಿದರು.

"ಇಲ್ಲೇರಿ," ಎಂದು ನೇತ್ರಾ ಮುಂದೆ ನಡೆದಳು.

ಆ 'ಇಲ್ಲೇ' ಬಹಳ ದೂರವಿತ್ತು. ಎರೆಮಣ್ಣು ಡಾಕ್ಟರ ಚಪ್ಪಲಿಯನ್ನು ಹಿಡಿದು ಬಿಡಲಿಲ್ಲ. ಕೊನೆಗೆ ಚಪ್ಪಲಿ ಕೈಗೆ ಬಂತು.

ಬದುವಿನ ಮೇಲೆ ನಿಂತು ಅವರು ಕೂಗಿದರು. "ಸ್ವಲ್ಪ ಎಲ್ಲಾರೂ ಈ ಕಡೆ ಬರ್ರಿ!"

ಯಾರೂ ತಲೆ ಎತ್ತಲಿಲ್ಲ. ಬದುವಿನ ಮೇಲಿಂದ ದಿನವೂ ಕೂಗುವವರು ಹೊಲದ ಮಾಲಕರು; ಆ ಕೂಗು ಆಳುಗಳಿಗೆ ರೂಢಿಯಾಗಿತ್ತು. ಕಾಯಿ ಬಿಡಿಸಲು ಹಿಡಿದ ಸಾಲು ಮುಗಿಸದೆ ಅವರು ಏಳುವುದೂ ಇಲ್ಲ.

ಡಾಕ್ಟರ್ ಗಡಿಯಾರ ನೋಡಿಕೊಂಡರು. "ಇನ್ನೊಮ್ಮೆ ಬರತೀನಿ ಪುಟ್ಟಿ."

"ಇನ್ನೊಮ್ಮೆ ಅಂದವರು ಬರೂದಿಲ್ರಿ." ನೇತ್ರಾ ಬ್ಯಾಗ್ ಕೆಳಗಿಟ್ಟಳು. "ಮಾತಾಡಬೇಕಂದ್ರ ಸಾಲು ಹಿಡೀರಿ. ಬಾಜು ಸಾಲು ನಾ ಹಿಡೀತೀನಿ."

ಡಾಕ್ಟರ್ ಸೆರಗು ಸಿಕ್ಕಿಸಿ ಬಗ್ಗಿದರು.

"ಡಾಕ್ಟರಮ್ಮಾ, ಹಸಿ ಕಾಯಿ ಬಿಡ್ರಿ, ಕರೇದು ಹರೀರಿ!" ಪಕ್ಕದ ಸಾಲಿನ ಮಲಿಕಾಬಿ ನಕ್ಕಳು. "ಸೂಜಿ ಚುಚ್ಚಿದಂಗಲ್ಲ ಇದು!"

ಹೊಲವೆಲ್ಲ ನಕ್ಕಿತು. ನಗು ನಿಂತ ಮೇಲೆ ಡಾಕ್ಟರ್ ಕಾಯಿ ಹರಿಯುತ್ತಲೇ ಬಂದ ಕೆಲಸ ಹೇಳಿದರು.

ಇನ್ನೊಂದು ಸಾಲಿನಲ್ಲಿದ್ದ ಸಣ್ಣವ್ವ ಸೊಂಟ ನೆಟ್ಟಗೆ ಮಾಡಿದಳು. "ನನಗ ಕಡದಾಗ ಮಾತ ಹೊಂಟಿರಲಿಲ್ಲವ್ವಾ. ಆವಾಗ ಯಾರನ್ನ ಕೇಳ್ತಿದ್ರಿ?"

"ಅದಕ್ಕ ಈಗ ಕೇಳಾಕ ಬಂದೀನಿ ಅಜ್ಜಿ."

"ಒಲ್ಲೆ ಅಂದ್ರ?"

"ಒಲ್ಲೆ ಅಂದ್ರೂ ಆಸ್ಪತ್ರ್ಯಾಗ ಔಷಧ ಕೊಟ್ಟ ಕೊಡತೇವ್ರಿ. ಒಂದು ಹನಿ ಕಡಿಮಿ ಆಗೂದಿಲ್ಲ."

ಸಣ್ಣವ್ವ ಬಗ್ಗಿ ಇನ್ನೆರಡು ಗಿಡದ ಕಾಯಿ ಹರಿದಳು. "ನಾ ಹೂಂ ಅಂತೀನಿ."

"ನಾ ಮನ್ಯಾಗ ಕೇಳಿ ಹೇಳತೀನಿ," ಎಂದಳು ಮಲಿಕಾಬಿ.

"ಕೇಳ್ರಿ. ನಾ ಇರತೀನಿ," ಎಂದರು ಡಾಕ್ಟರ್. ದೂರದಲ್ಲಿ ಮೂರರ ಬಸ್ಸಿನ ಹಾರ್ನ್ ಕೇಳಿತು. ಅವರು ತಲೆ ಎತ್ತಲಿಲ್ಲ. ಸಾಲು ಇನ್ನೂ ಉಳಿದಿತ್ತು.

ಸೋಮವಾರ ಮುಂಜಾನೆ ಡಾಕ್ಟರು ಆಸ್ಪತ್ರೆಯ ಜೀಪು ತಂದಿದ್ದರು; ಅದು ಕಟ್ಟೆಯಲ್ಲಿ ನಿಲ್ಲದೆ ನೇತ್ರಾಳ ಓಣಿಗೇ ಬಂತು. ತನಗೆ ಹಾವು ಕಡಿದ ಕತೆ ಅಲ್ಲಿನವರಿಗೆ ಹೇಳಲು ಮುಂದಿನ ಊರಿಗೆ ಅಜ್ಜಿಯೂ ಹೊರಟಿದ್ದಳು. ಡಾಕ್ಟರ ಕಾಲಲ್ಲಿ ಚಪ್ಪಲಿ ಇರಲಿಲ್ಲ, ಹೊಲಕ್ಕೆ ಹಾಕುವ ಬೂಟುಗಳಿದ್ದವು.

"ಅಜ್ಜಿ, ಆ ಊರಾಗ ಹೊಲ ಯಾವ ಕಡೆ?" ಡಾಕ್ಟರು ಮೊದಲು ಕೇಳಿದ್ದು ಅದನ್ನೇ.

ನೇತ್ರಾ ಬ್ಯಾಗ್ ಏರಿಸಿಕೊಂಡು ಶಾಲೆಯ ದಾರಿ ಹಿಡಿದಳು. ಡಾಕ್ಟರು, ಅಜ್ಜಿ ಇಬ್ಬರೂ ಮುಂದಿನ ಊರಿನ ಹೊಲದ ಕಡೆ ಹೊರಟರು.