ದೇವರಾಜನ ಪಾಳಿ

"ಪಾಳಿ ನಮ್ಮವ್ವಂದು. ಅಕಿಗೆ ಆರಾಮಿಲ್ಲ, ನಾ ಬಂದೇನಿ. ನಡೀತೈತಿಲ್ರೀ, ಟೀಚರ್?"

ಅಂಗನವಾಡಿ ಬಾಗಿಲಲ್ಲಿ ಒಂಬತ್ತು ಮಕ್ಕಳು, ನಡುವೆ ಆರಡಿ ಎತ್ತರದ ದೇವರಾಜ. ಹೆಗಲ ಮೇಲೊಂದು ಕೂಸು, ಅಂಗಿಯ ಮೇಲೆ ಅದರ ಸಿಂಬಳ. ಸ್ಟೆಲ್ಲಾಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಅಷ್ಟೇ... ಅವಳ ಮನಸ್ಸು ಅವಳ ಮಾತು ಕೇಳುವುದನ್ನು ಬಿಟ್ಟಿತು!

ತೇರಗಾಂವದಾಚೆಯ ಆ ಸಿದ್ದಿ ಕೇರಿಯಲ್ಲಿ ತಾಯಂದಿರು ನಸುಕಿನಲ್ಲೇ ಕಬ್ಬು ಕಡಿಯಲು ಹೋಗುತ್ತಿದ್ದರು. ಅಂಗನವಾಡಿ ತೆರೆಯುವುದು ಒಂಬತ್ತೂವರೆಗೆ. ಅಲ್ಲಿಯತನಕ ದಿನಕ್ಕೊಂದು ಮನೆಯವರು ಎಲ್ಲ ಮಕ್ಕಳನ್ನೂ ನೋಡಿಕೊಳ್ಳಬೇಕೆಂದು ಮನೆಮನೆ ತಿರುಗಿ ಒಪ್ಪಿಸಿದವಳು ಸ್ಟೆಲ್ಲಾ. ಗಂಡಸರಲ್ಲಿ ಬಂದವನು ದೇವರಾಜ ಒಬ್ಬನೇ. ಅವ್ವ ಆರಾಮಾದ ಮೇಲೂ ಅವನೇ ಬಂದ. ಯಾಕೆಂದು ಇಡೀ ಕೇರಿಗೆ ಗೊತ್ತಿತ್ತು, ಅವರಿಬ್ಬರನ್ನು ಬಿಟ್ಟು.

ಆಮೇಲೆ ಆ ಬುಧವಾರ ಬಂತು.

"ತುಳಜಾನ ಮೈ ಸುಡಾಕತ್ತೈತಿ, ನೋಡ್ರಿ" ಎಂದು ಹೇಳಿಯೇ ಅವನು ಗದ್ದೆಗೆ ಓಡಿದ್ದ. ಸೋಮಿಬಾಯಿಯ ಮಗಳು ತುಳಜಾ, ಎರಡು ವರ್ಷದ್ದು. ಹೂಂ ಎಂದ ಸ್ಟೆಲ್ಲಾ, ಮೊದಲು ಇಲಾಖೆಗೆ ಮಕ್ಕಳ ಹಾಜರಿ ಫೋಟೊ ಕಳಿಸಿಬಿಡೋಣವೆಂದು ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿದಳು. ಅಡುಗೆಯ ಸುನಂದಾಗೆ ಮಕ್ಕಳನ್ನು ಒಪ್ಪಿಸಿದಳು, ಜ್ವರದ ಮಾತು ಹೇಳಲು ಮರೆತಳು. ಫೋಟೊ ಹೋಗಲು ಒಂದು ತಾಸು ಹಿಡಿಯಿತು. ಇಳಿದು ಬಂದಾಗ ಮಗು ಕೈಕಾಲು ಸೆಟೆದು ಬಿದ್ದಿತ್ತು. ಹಳಿಯಾಳದ ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತು.

ಜ್ವರ ಯಾರ ಪಾಳಿಯಲ್ಲಿ ಬಂತೆಂದು ಕೇರಿ ಕೇಳಿತು. ಸ್ಟೆಲ್ಲಾ ಬಾಯಿ ತೆರೆಯುವ ಮೊದಲೇ ದೇವರಾಜ ಹೇಳಿಬಿಟ್ಟ.

"ನನ್ನ ಪಾಳ್ಯಾಗ. ಟೀಚರ್‌ಗೆ ನಾ ಏನೂ ಹೇಳಿರಲಿಲ್ಲ."

ಅವಳು ಸುಮ್ಮನಿದ್ದಳು. ದೇವರೇ, ಸುಮ್ಮನಿದ್ದಳು!

ಪಾಳಿ ನಿಂತಿತು. ಮಕ್ಕಳು ಮತ್ತೆ ಕಬ್ಬಿನ ಗದ್ದೆಯ ಬದುವಿನಲ್ಲಿ ಬಿಸಿಲಿಗೆ ಬಿದ್ದವು. ದೇವರಾಜನನ್ನು ಯಾರೂ ಮಾತಾಡಿಸಲಿಲ್ಲ. ಸ್ಟೆಲ್ಲಾಳನ್ನು ಕಂಡರೆ ಅವನು ದಾರಿ ಬದಲಿಸುತ್ತಿದ್ದ. 'ನನ್ನ ಮುಖ ನೋಡಲೂ ಹೇಸುತ್ತಾನೆ...' ಎಂದು ಅವಳು ಒಳಗೊಳಗೇ ಸಾಯುತ್ತಿದ್ದಳು.

ಇಪ್ಪತ್ತು ದಿನ ತಡೆದಳು. ಮರುದಿನ ಸೋಮಿಬಾಯಿಯ ಅಂಗಳದಲ್ಲಿ, ಎಲ್ಲರೆದುರು, ನಡೆದದ್ದನ್ನು ನಡೆದಂತೆ ಹೇಳಿದಳು. ಸೋಮಿಬಾಯಿ ಬಯ್ಯಲಿಲ್ಲ, ಅಳಲೂ ಇಲ್ಲ.

"ಈಗ ಹೇಳಿದರ ನನ್ನ ಕೂಸು ಎದ್ದು ಬರ್ತೈತೇನು?"

ಅಷ್ಟು ಕೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಬ್ಬೊಬ್ಬರೇ ಎದ್ದು ಹೋದರು. ದೇವರಾಜ ಮಾತ್ರ ಉಳಿದ.

"ಯಾಕ ಹೇಳಿದಿ? ನಿನ್ನ ಕೆಲಸ ಹೋಗ್ತೈತಿ." ಮೊದಲ ಸಲ ಅವಳಿಗೆ 'ನೀ' ಅಂದಿದ್ದ.

"ನೀ ಯಾಕ ಸುಳ್ಳು ಹೇಳಿದಿ?"

"ನೀ ಹೋದರ ಈ ಮಕ್ಕಳಿಗೆ ಯಾರದಾರ?"

"ಅಷ್ಟ ಏನು?"

ಅವನು ನೆಲ ನೋಡಿದ.

"ಅಷ್ಟ ಅಲ್ಲ... ನನಗ ಯಾರದಾರ?"

"ಮತ್ತ ನನ್ನ ಕಂಡು ದಾರಿ ಯಾಕ ಬದಲಿಸಿದಿ?"

"ಎದುರಿಗೆ ನಿಂತರ ಅಳು ಬರ್ತಿತ್ತು."

ಸ್ಟೆಲ್ಲಾ ಅಲ್ಲೇ ಅಂಗಳದಲ್ಲಿ ಕೂತಳು. ಇಪ್ಪತ್ತು ದಿನದ ಅಳು ಆಗ ಬಂತು. ಇಷ್ಟು ದಿನ ಕೇಳಬೇಕೆಂದಿದ್ದ ಮಾತು ಇಂದು ಸಿಕ್ಕಿತ್ತು, ಆದರೆ ಹಿಗ್ಗಲು ಮನಸ್ಸಿಲ್ಲ.

"ನನಗ ಕ್ಷಮಾ ಇಲ್ಲ, ದೇವರಾಜ."

"ಇಲ್ಲ." ಅವನು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದ. "ಸುಡೂ ಕೂಸನ್ನ ಬಿಟ್ಟು ನಾನೂ ಹೋದೆ. ನನಗೂ ಇಲ್ಲ. ಈ ಭಾರ ಇಬ್ಬರೂ ಕೂಡಿ ಹೊರೂಣು."