ಹತ್ತಕ್ಕೆ ನಾಲ್ಕು ಪಾಯಿಂಟ್ ಎರಡು

ಸೋಮವಾರ ಬೆಳಿಗ್ಗೆ ಮಾಸಪತ್ರಿಕೆ ಬಿಡಿಸಿದ ಬಾಪುಸಾಹೇಬರಿಗೆ ತಮ್ಮದೇ ಅಂಕಣದಲ್ಲಿ, ತಮ್ಮದೇ ಫೋಟೋದ ಕೆಳಗೆ, ತಾವು ಬರೆಯದ ವಿಮರ್ಶೆ ಕಂಡಿತು. ಅದಕ್ಕಿಂತ ಘೋರವಾದ ಸಂಗತಿ ಎರಡನೆಯ ಸಾಲಿನಲ್ಲಿತ್ತು — ಅದು ಹೊಗಳಿಕೆ.

ಹನ್ನೊಂದು ವರ್ಷಗಳಿಂದ ಅವರು ಅಲಖನೂರಿನ ತಮ್ಮ ಪಡಸಾಲೆಯಲ್ಲಿ ಕುಳಿತು ಹೊಸ ಜಾಝ್ ಆಲ್ಬಂಗಳಿಗೆ ಅಂಕ ಕೊಡುತ್ತ ಬಂದಿದ್ದರು. ಹತ್ತಕ್ಕೆ ಐದು ದಾಟಿದವರಿಲ್ಲ. ನ್ಯೂಯಾರ್ಕಿನವರಿಗೂ ವಿನಾಯಿತಿ ಇರಲಿಲ್ಲ.

ಕೂಡಲೇ ಅಣ್ಣನ ಮಗಳು ಭಾಗ್ಯಾಗೆ ಫೋನು ಮಾಡಿದರು. ಭಾಗ್ಯಾ ಮೇಡಂ ಚಿಕ್ಕೋಡಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾರೆ. ನಾನು, ಕಾಮಣ್ಣ, ಅವರ ಪ್ರಯೋಗಾಲಯದ ಸಹಾಯಕ. ಕಾಣೆಯಾದ ಬ್ಯೂರೆಟ್‌ಗಳನ್ನೂ ಕದ್ದವರನ್ನೂ ಅವರು ಹುಡುಕಿದ ರೀತಿ ನೋಡಿದವನು. ಮಧ್ಯಾಹ್ನ ನನ್ನ ಗಾಡಿಯ ಮೇಲೆ ಅಲಖನೂರು ಮುಟ್ಟಿದೆವು.

ಅಂಗಳದಲ್ಲಿ ಆರೋಪಿ ಆಗಲೇ ನಿಂತಿದ್ದ. ಕೊಗನೊಳ್ಳಿಯ ಸಮಾಧಾನ, ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು. ಏಳು ಕೃತಿಗಳ ಅವನ ಮೊದಲ ಜಾಝ್ ಆಲ್ಬಂ ಬಗ್ಗೆಯೇ ಈ ವಿಮರ್ಶೆ. ಪತ್ರಿಕೆ ಎರಡು ದಿನ ಮೊದಲೇ ಕೈಸೇರಿದ್ದ ಮಿರಜದ ಸಂಗೀತ ಮಂಡಳಿಯೊಂದು ಅದನ್ನು ಓದಿ ಅವನನ್ನು ಕಛೇರಿಗೆ ಕರೆದಿತ್ತು. ಈಗ ಬಾಪುಸಾಹೇಬರು ಪತ್ರಿಕೆಯಲ್ಲಿ ಕ್ಷಮಾಪಣೆ ಹಾಕುವಂತೆ ಸಂಪಾದಕ ಜಿನೇಂದ್ರರನ್ನು ಒತ್ತಾಯಿಸುತ್ತಿದ್ದರು. ಅದು ಅಚ್ಚಾದರೆ ಮಿರಜದ ಕರೆ ರದ್ದು.

"ನಾ ಕೊಟ್ಟಿದ್ದು ಮೂರು ಅಂಕ" ಎಂದರು ಬಾಪುಸಾಹೇಬರು. "ಕೋಟು ಹಾಕ್ಕೊಂಡ ಮದುವಿ ಮೆರವಣಿಗಿ ಅಂತ ಬರದಿದ್ದೆ. ಇದನ್ನ ಯಾರು ಬರದ್ರು?"

ಮೇಡಂ ಅಚ್ಚಾದದ್ದನ್ನು ಗಟ್ಟಿಯಾಗಿ ಓದಿದರು. 'ಮೂರನೆಯ ಕೃತಿಯಲ್ಲಿ ಕ್ಲಾರಿನೆಟ್ ಹಟ ಮಾಡದೆ ಇಳಿಯುತ್ತದೆ. ಐದನೆಯದರಲ್ಲಿ ಒಮ್ಮೆ ಒದೆಯುತ್ತದೆ, ಆದರೆ ಏನನ್ನೂ ಚೆಲ್ಲುವುದಿಲ್ಲ. ಇಂಥದ್ದು ಈ ಸೀಮೆಯಲ್ಲಿ ಹಿಂದೆ ಕೇಳಿಲ್ಲ. ಅಂಕ: 4.2.'

ಮೇಡಂ ನಿಪ್ಪಾಣಿಗೆ, ಜಿನೇಂದ್ರರಿಗೆ ಫೋನು ಹಚ್ಚಿದರು. ವಿಮರ್ಶೆ ಸಾಹೇಬರ ನಂಬರಿನಿಂದಲೇ ವಾಟ್ಸಾಪಿನಲ್ಲಿ ಬಂದಿತ್ತಂತೆ. ಎಂದಿನಂತೆ ಭಾಷೆಯನ್ನು ಮಾತ್ರ ತಿದ್ದಿದ್ದರಂತೆ.

"ಅಂಕ?"

"ಅಂಕಕ್ಕ ಕೈ ಹಚ್ಚಿದ್ರ ಸಾಹೇಬ್ರು ಬಿಡ್ತಾರೇನ್ರಿ?"

ಸಾಹೇಬರ ಫೋನು ನೋಡಿದೆವು. ನಿಜ, ಭಾಷೆಯ ತಿದ್ದುಪಡಿ ಬಿಟ್ಟರೆ ಹೋದದ್ದು ಅಚ್ಚಾದದ್ದೇ. ಬರೆದದ್ದನ್ನು ಮತ್ತೆ ಓದುವುದು ಅಳುಕಿನ ಲಕ್ಷಣ ಎಂಬ ನಂಬಿಕೆಯಿಂದ ಸಾಹೇಬರು ಅದನ್ನು ತೆರೆದೇ ಇರಲಿಲ್ಲ. ಆ ಮನೆಯಲ್ಲಿ ಮಾತಿಗೆ ರೇಂಜು ಸಿಗುತ್ತದೆ, ನೆಟ್ ಸಿಗುವುದಿಲ್ಲ. ಹೀಗಾಗಿ ಅವರು ಬರೆದು ಇಟ್ಟಿರುತ್ತಾರೆ. ಸಂಜೆ ಡೇರಿಗೆ ಹಾಲು ಹಾಕಲು ಹೋಗುವ ಹೆಂಡತಿ ಸಾವಿತ್ರೆವ್ವ ಫೋನು ಒಯ್ದು, ನೆಟ್ ಸಿಕ್ಕ ಕೂಡಲೇ ಕಳಿಸುತ್ತಾರೆ. ವಿಮರ್ಶೆ ಹೋದ ದಿನ, ಸಾಹೇಬರು ಬರೆದು ಇಟ್ಟ ಮೇಲೆ, ನಾಲ್ಕರಿಂದ ಫೋನು ಕಟ್ಟೆಯ ಮೇಲಿತ್ತು. ನಾಲ್ಕೂವರೆಗೆ ಸಮಾಧಾನ ಆಲ್ಬಂ ಬಂದ ಖುಷಿಗೆ ಪೇಢೆ ತಂದಿದ್ದ.

ನನಗೆ ಪ್ರಕರಣ ಮುಗಿದಂತೆ ಕಂಡಿತು. ಫೋನೂ ಲಾಭವೂ ಒಬ್ಬನ ಕಡೆಗೇ ಬೊಟ್ಟು ಮಾಡುತ್ತಿದ್ದವು.

"ಫೋನ್ ಮುಟ್ಟಿಲ್ರಿ" ಎಂದ ಸಮಾಧಾನ. "ಪೇಢಾ ಇಟ್ಟು ಹೋದೆ. ಸಾಹೇಬ್ರು ಮಕ್ಕೊಂಡಿದ್ರು."

"ಕಣ್ಣು ಮುಚ್ಚಿ ಇನ್ನೊಂದು ಸಿಡಿ ಕೇಳಾಕತ್ತಿದ್ದೆ" ಎಂದರು ಸಾಹೇಬರು.

ಮೇಡಂ ಎದ್ದು ಹಿತ್ತಲ ಕೊಟ್ಟಿಗೆಗೆ ಹೋದರು. ಸಾವಿತ್ರೆವ್ವ ಆಕಳ ಮೈ ಉಜ್ಜುತ್ತಿದ್ದರು. ಜಾಝ್ ಬಗ್ಗೆ ಆಕೆಯನ್ನು ಕೇಳುವುದು ದಂಡ ಎಂದು ಸಾಹೇಬರು ಮೊದಲೇ ಹೇಳಿದ್ದರು. ಮೇಡಂ ಕೇಳಿದ್ದೂ ಜಾಝ್ ಬಗ್ಗೆ ಅಲ್ಲ.

"ಕಾಕಿ, ಹಾಲು ಹೆಂಗ ಬರಾಕತ್ತೈತಿ?"

"ಭಾರಿ ಐತೆವ್ವಾ. ಫ್ಯಾಟ್ ನಾಲ್ಕು ಪಾಯಿಂಟ್ ಒಂದು. ಊರಾಗ ಮತ್ತ ಯಾರದೂ ಅಷ್ಟು ಬರೂದಿಲ್ಲ."

ಮೇಡಂ ತಿರುಗಿ ನನ್ನನ್ನು ನೋಡಿದರು. ಸಾಹೇಬರನ್ನೂ ಸಮಾಧಾನನನ್ನೂ ಅಲ್ಲಿಗೇ ಕರೆಸಿದರು.

"ಎಲ್ಲಾರೂ ಹೊಗಳಿಕಿ ಓದಿದ್ರಿ, ಅಂಕ ಯಾರೂ ಓದಲಿಲ್ಲ" ಎಂದು ಶುರು ಮಾಡಿದರು. "ಇಷ್ಟು ಹೊಗಳಿ ಹತ್ತಕ್ಕ ನಾಲ್ಕು ಯಾರ ಕೊಡ್ತಾರ? ಸಮಾಧಾನ ಬರದಿದ್ರ ಒಂಬತ್ತು ಹಾಕ್ಕೋತಿದ್ದ. ಕಾಕಾ ಪಾಯಿಂಟ್ ಬಳಸೂದ ಇಲ್ಲ. ನಾಲ್ಕು ಪಾಯಿಂಟ್ ಎರಡು ಅಂದ್ರ ದೊಡ್ಡ ಅಂಕ ಅಂತ ತಿಳಿದವರ ಇದನ್ನ ಬರದಾರ. ಡೇರಿಯೊಳಗ ಆಕಳ ಹಾಲಿನ ಫ್ಯಾಟ್ ಮೂರೂವರಿ ಬಂದ್ರ ಪಾಸ್. ನಾಲ್ಕು ದಾಟಿದ್ರ ಓಣಿ ತುಂಬ ಹೇಳ್ಕೊಂಡು ಬರ್ತಾರ. ಹೌದಲ್ಲ, ಕಾಕಿ?"

ಸಾವಿತ್ರೆವ್ವ ಕೈ ಕೂಡ ಒರೆಸಿಕೊಳ್ಳಲಿಲ್ಲ.

"ಹೌದು, ನಾನ. ಅವರದ ಅಳಿಸಿ, ಮೈಕ್ ಒತ್ತಿ ಹೇಳಿದೆ. ಅದ ಬರಕೊಂತು." ಗಂಡನ ಕಡೆ ತಿರುಗಿದರು. "ನೀವು ಎರಡನೇದಕ್ಕ ಗೊರಕಿ ಹೊಡದ್ರಿ. ಏಳೂ ಕೇಳಿದಾಕಿ ನಾ. ನಿದ್ದಿಗಣ್ಣಾಗ ಮೂರು ಕೊಟ್ರಲ್ಲ, ಅದಕ್ಕ ಯಾರು ಕ್ಷಮಾ ಕೇಳಬೇಕು?"

ಸಮಾಧಾನ ನೆಲ ನೋಡುತ್ತಿದ್ದ. ಹೆಲ್ಮೆಟ್ಟಿನ ಬೆಲ್ಟನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ.

"ಕಾಕಾ" ಎಂದರು ಮೇಡಂ ಮೆಲ್ಲಗೆ, "ಮೂರನೇದು ಹೆಂಗೈತಿ?"

ಹನ್ನೊಂದು ವರ್ಷಗಳ ವಿಮರ್ಶಕರು ಫೋನು ತೆಗೆದು ನಿಪ್ಪಾಣಿಗೆ ಹಚ್ಚಿದರು.

"ಜಿನೇಂದ್ರ, ಕ್ಷಮಾಪಣಿ ಬ್ಯಾಡ. ವಿಮರ್ಶಾ ನಮ್ಮ ಮನಿದ ಐತಿ. ಮುಂದಿನ ಸಂಚಿಕ್ಯಾಗ ಅಂಕ ಅಷ್ಟ ತಿದ್ದು, ಎಂಟು ಹಾಕು."

"ಎಂಟು ಬ್ಯಾಡ್ರಿ" ಎಂದರು ಸಾವಿತ್ರೆವ್ವ. "ಎಂಟು ಫ್ಯಾಟ್ ಅಂದ್ರ ಎಮ್ಮಿ ಹಾಲು ಅಂತಾರ."

ಸಮಾಧಾನ ಇಬ್ಬರ ಕಾಲಿಗೂ ನಮಸ್ಕರಿಸಿ ಹೊರಟ. ಮಿರಜಕ್ಕೆ ಇನ್ನು ಹತ್ತೇ ದಿನ.

ಹಿಂಡುವ ಹೊತ್ತಾಯಿತು. ಬಾಪುಸಾಹೇಬರು ಸಿಡಿಯನ್ನು ಮೊದಲಿನಿಂದ ಹಾಕಿ, ಕುರ್ಚಿಯನ್ನು ತಾವೇ ಎತ್ತಿಕೊಂಡು ಬಂದು ಕೊಟ್ಟಿಗೆಯಲ್ಲಿ ಕುಳಿತರು. ಎರಡನೆಯದು ದಾಟಿತು, ಕಣ್ಣು ತೆರೆದೇ ಇತ್ತು. ಮೂರನೆಯದು ಶುರುವಾದಾಗ ಮುಂದೆ ಬಾಗಿದರು.

"ಸಾವಿತ್ರಿ, ಇದರಾಗ ನಿನಗ ಏನ..."

"ಮಾತಾಡಬ್ಯಾಡ್ರಿ" ಎಂದರು ಆಕೆ. "ಕೇಳ್ರಿ."